ಶುಕ್ರವಾರದ ಕಿಟಕಿ

ಗುಲಾಬಿ ಬಣ್ಣದ ಹಾಳೆ ಹೋದ ಹಾಗೇ ಖಾಲಿಯಾಗಿ ವಾಪಸು ಬಂದಿತ್ತು. ಹೆಸರಿನ ಜಾಗದಲ್ಲಿ ಹೆಸರಿಲ್ಲ, ಬೇಕಾಗುವ ಸಾಮಾನಿನ ಜಾಗದಲ್ಲಿ ಸಾಮಾನಿಲ್ಲ. ಕೊನೆಯಲ್ಲಿ ‘ಈ ಅಡುಗೆ ಯಾವ ದೇಶದ್ದು?’ ಎಂದು ಅಚ್ಚಾಗಿದ್ದ ಕಡೆ ಮಾತ್ರ ಡೋರೀನ್ ಯೀ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು ಬರೆದಿದ್ದಳು: ‘ಕ್ಲಾಡೆಟ್ ಅವರನ್ನು ಕೇಳಿ.’

"ಏನೇ ಇದು?" ಪೆಗ್ ಹ್ಯಾರಿಗನ್ ಹಾಳೆಯನ್ನು ತಿರುಗಿಸಿ ಹಿಂದುಗಡೆಯೂ ನೋಡಿದಳು. "ನಿನ್ನನ್ನ ಕೇಳ್ಬೇಕಂತೆ. ಚೌಮೀನ್ ಸ್ಯಾಂಡ್‌ವಿಚ್ ಯಾವ ದೇಶದ್ದು ಅಂತ ನೀನ್ಯಾಕೆ ಹೇಳ್ಬೇಕು?"

"ನನಗೇನು ಗೊತ್ತು?" ಎಂದಳು ಕ್ಲಾಡೆಟ್. ಹೇಳಿದ್ದೇನೋ ಸಲೀಸಾಗಿಯೇ, ಆದರೆ ಆ ಸಾಲು ತನಗೆಂದೇ ಬರೆದದ್ದು ಎಂದು ಅವಳಿಗೆ ಅನ್ನಿಸಿ ಇರುಸುಮುರುಸಾಯಿತು.

ಸೇಂಟ್ ಒಡಿಲ್ ಚರ್ಚಿನ ನೆಲಮಾಳಿಗೆಯಲ್ಲಿ ಮೂವರು ಹೆಂಗಸರು ಕಾಫಿ ಮುಂದಿಟ್ಟುಕೊಂಡು ಕೂತಿದ್ದರು. ಜೂನ್ ಹೊತ್ತಿಗೆ ಚರ್ಚಿಗೆ ಬೀಗ. ಭಾನುವಾರ ನಲವತ್ತು ಜನವೂ ಬರದ ಚರ್ಚನ್ನು ಗುಡ್ಡದ ಮೇಲಿನ ಇನ್ನೊಂದು ಚರ್ಚಿಗೆ ಸೇರಿಸಿಬಿಡುವುದೆಂದು ಮೇಲಿನವರು ತೀರ್ಮಾನಿಸಿಯಾಗಿತ್ತು. ಹೋಗುವ ಮುಂಚೆ ಒಂದು ಅಡುಗೆ ಪುಸ್ತಕವನ್ನಾದರೂ ತಂದುಬಿಡೋಣ, ನೂರು ಚಿಲ್ಲರೆ ವರ್ಷ ಇಲ್ಲಿ ಮೊಣಕಾಲೂರಿದವರೆಲ್ಲ ಮನೆಯಲ್ಲಿ ಏನು ಬೇಯಿಸುತ್ತಿದ್ದರೆಂದು ಎಲ್ಲಾದರೂ ಉಳಿಯಲಿ ಎಂದು ಹೆಂಗಸರ ಸಂಘ ಹೊರಟಿತ್ತು. ಸಂಘದ ಯಜಮಾನಿಕೆ ಪೆಗ್‌ಳದ್ದು. ಟೈಪು ಮಾಡುವ ಕೆಲಸ ಕ್ಲಾಡೆಟ್ ಡೆಮರೆಯದ್ದು. ವಿಂಗಡಿಸಲು ಸುಲಭವಾಗಲೆಂದು ಎರಡು ಬಣ್ಣದ ಹಾಳೆ ಹಂಚುವ ಉಪಾಯವೂ ಅವಳದ್ದೇ: ‘ನಮ್ಮ ಅಮೆರಿಕನ್ ಅಡುಗೆ’ಗೆ ಬಿಳಿ, ‘ಎಥ್ನಿಕ್ ಅಡುಗೆ’ಗೆ, ಅಂದರೆ ಹೊರದೇಶದಿಂದ ಬಂದವರ ಅಡುಗೆಗೆ, ಗುಲಾಬಿ. ಉಪಾಯ ಹೊಳೆದ ದಿನ ಅವಳಿಗೆ ತನ್ನ ಬಗ್ಗೆ ತುಂಬ ಮೆಚ್ಚುಗೆಯಾಗಿತ್ತು.

ಮೂರನೆಯವಳು ಪೋರ್ಚುಗೀಸ್ ಮನೆತನದ ನತಾಲಿಯಾ ಮೆಡೈರೋಸ್. ಕಾಫಿಗೆ ಸಿಹಿ ಬ್ರೆಡ್ ತಂದವಳೂ ಅವಳೇ. ಬ್ರೆಡ್ ಕೊಯ್ಯುತ್ತಾ ಅವಳು, "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದಳು. ಬೇಜಾರು ಮಾಡಿಸುವ ಇರಾದೆ ಅವಳಿಗೆ ಚೆನ್ನಾಗಿಯೇ ಇತ್ತು. "ಪೆಗ್, ನಿನ್ನ ಉಪ್ಪು ಹಾಕಿದ ದನದ ಮಾಂಸ, ಎಲೆಕೋಸು, ನಿಮ್ಮ ಹಿರೀಕರು ಹಡಗಲ್ಲಿ ತಂದಿದ್ದು, ಬಿಳಿ ಹಾಳೆ. ಕ್ಲಾಡೆಟ್‌ದು ಹಂದಿಮಾಂಸದ ಪೈ, ಅವಳಜ್ಜಿ ಕ್ವಿಬೆಕ್‌ನಿಂದ ಹೊತ್ಕೊಂಡು ಬಂದಿದ್ದು, ಅದೂ ಬಿಳಿ. ಸ್ಪಾಗೆಟಿ ಬಿಳಿ, ಪಿಜ್ಜಾ ಬಿಳಿ. ನನ್ನ ಕೇಲ್ ಸೊಪ್ಪಿನ ಸೂಪು ಮಾತ್ರ ಗುಲಾಬಿ. ನಮ್ಮಜ್ಜಿ ಈ ಊರಿನ ಬಟ್ಟೆ ಗಿರಣಿಗೆ ಸೇರಿ ನೂರಾ ಹತ್ತು ವರ್ಷ ಆಯ್ತು ಕಣ್ರೇ. ಇನ್ನೆಷ್ಟು ವರ್ಷ ಕಾದ್ರೆ ನಮಗೂ ಬಿಳಿ ಹಾಳೆ ಕೊಡ್ತೀರಿ?"

"ಅಯ್ಯೋ, ಎಥ್ನಿಕ್ ಅಂದ್ರೆ ಕೆಟ್ಟದ್ದು ಅಂತ ಯಾರಂದ್ರೇ?" ಪೆಗ್ ರಾಗ ಎಳೆದಳು. " ರುಚಿಯಾಗಿರೋದು ಅಂತಲೇ ಅರ್ಥ. ಜನ ಮೊದಲು ಆ ಭಾಗವೇ ತೆಗೆದು ನೋಡ್ತಾರೆ."

"ಹಾಗಾದ್ರೆ ನಿನ್ನ ಎಲೆಕೋಸನ್ನೂ ಅಲ್ಲಿಗೇ ಹಾಕು."

"ಅದರಲ್ಲಿ ರುಚಿ ಎಲ್ಲಿದೆ ಬಿಡು," ಎಂದಳು ಪೆಗ್. ಮೂವರೂ ನಕ್ಕರು.

ನತಾಲಿಯಾ ಬಿಡಲಿಲ್ಲ. "ಸ್ಪಾಗೆಟಿ ಯಾವಾಗ ಅಮೆರಿಕದ್ದಾಯ್ತು ಹೇಳು?"

"ಶಾಲೇಲಿ ಬಡಿಸೋಕೆ ಶುರು ಮಾಡಿದ್ರಲ್ಲ, ಆವಾಗ."

"ಶಾಲೇಲಿ ಚೌಮೀನ್ ಸ್ಯಾಂಡ್‌ವಿಚ್ಚೂ ಬಡಿಸ್ತಿದ್ರು. ಮರ್ತುಹೋಯ್ತಾ? ನೀನು ನನ್ನ ಪಾಲಿಂದೂ ಕಿತ್ಕೊಂಡು ತಿಂತಿದ್ದೆ."

ಪೆಗ್ ಹಾಳೆಗಳ ಕಟ್ಟನ್ನು ಮೇಜಿಗೆ ಕುಟ್ಟಿ ಸಮ ಮಾಡಿದಳು. "ಅದು... ಹೆಸರಲ್ಲೇ ಚೌಮೀನ್ ಅಂತ ಇದೆಯಲ್ಲೇ," ಎಂದಳು ಕೊನೆಗೆ. ಆಮೇಲೆ ಯಜಮಾನಿಕೆಯ ದನಿಗೆ ಬಂದು, "ಸೋಮವಾರ ಅಚ್ಚಿಗೆ ಹೋಗ್ಬೇಕು. ಊರಲ್ಲಿ ಸಿಕ್ಕಿದವರೆಲ್ಲ ಕೇಳೋದು ಒಂದೇ: ಮೂನ್ ಗಾರ್ಡನ್ ಹೋಟೆಲಿನ ಸ್ಯಾಂಡ್‌ವಿಚ್ ಗ್ರೇವಿ ಅದರಲ್ಲಿದೆಯಾ? ಅಂತ. ಇಲ್ಲ ಅಂದ್ರೆ ಯಾರೂ ಕೊಳ್ಳಲ್ಲ. ಕ್ಲಾಡೆಟ್, ನೀನು ಆ ಅಂಗಡೀಲಿ ಕೆಲಸ ಮಾಡಿದವಳು. ಹೋಗಿ ಡೋರೀನ್ ಹತ್ರ ಮಾತಾಡು."

ಕ್ಲಾಡೆಟ್ ಕೋಟು ಹಾಕಿಕೊಂಡಳು. ಹೊರಡುವಾಗ ಕಟ್ಟಿನಿಂದ ಒಂದು ಬಿಳಿ ಹಾಳೆ ಎಳೆದು ಮಡಚಿ ಕೈಚೀಲಕ್ಕೆ ಹಾಕಿಕೊಂಡದ್ದನ್ನು ನತಾಲಿಯಾ ನೋಡಿದಳು.

ಅಂದು ಶುಕ್ರವಾರ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಕಾರು ಓಡಿಸುತ್ತಾ ಕ್ಲಾಡೆಟ್ ಬೇಕೆಂದೇ ಸುತ್ತುದಾರಿ ಹಿಡಿದಳು. ಗಿರಣಿಗಳ ಕಲ್ಲಿನ ಗೋಡೆಗಳು ಹಾಗೇ ಇದ್ದವು. ಒಂದರೊಳಗೆ ಈಗ ವ್ಯಾಯಾಮಶಾಲೆ, ಇನ್ನೊಂದರೊಳಗೆ ಬಾಡಿಗೆಯ ಮನೆಗಳು. ಮೂನ್ ಗಾರ್ಡನ್ ಇದ್ದ ಕಟ್ಟಡದಲ್ಲಿ ಉಗುರಿಗೆ ಬಣ್ಣ ಹಚ್ಚುವ ಅಂಗಡಿ ಬಂದಿತ್ತು. ಪಕ್ಕದ ಓಣಿಗೆ ತೆರೆದುಕೊಂಡಿದ್ದ ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿಬಿಟ್ಟಿದ್ದರು. ಆ ಇಟ್ಟಿಗೆಗಳ ಮುಂದೆ ಅವಳು ಕಾರನ್ನು ನಿಧಾನ ಮಾಡಿದಳು. ಅವಳ ಬದುಕಿನ ಒಳ್ಳೆಯದೆಲ್ಲ ಆ ಕಿಟಕಿಯಲ್ಲೇ ಶುರುವಾದದ್ದು.

ಹದಿನಾರಕ್ಕೆ ಶಾಲೆ ಬಿಟ್ಟ ಅವಳು ಗಿರಣಿಯ ಬದಲು ಆ ಕಿಟಕಿಗೆ ಸೇರಿದ್ದಳು. ಉಳಿದ ದಿನ ಹೇಗೋ ಏನೋ, ಶುಕ್ರವಾರವೆಂದರೆ ಶುಕ್ರವಾರ. ಆಗ ಊರಿನ ಅರ್ಧಕ್ಕಿಂತ ಹೆಚ್ಚು ಜನ ಚರ್ಚಿನ ನೇಮದಂತೆ ಶುಕ್ರವಾರ ಮಾಂಸ ಮುಟ್ಟುತ್ತಿರಲಿಲ್ಲ, ಮೀನು ಮೊಟ್ಟೆಗೆ ಮಾತ್ರ ಅಡ್ಡಿಯಿರಲಿಲ್ಲ. ಹನ್ನೊಂದೂವರೆಗೆ ಗಿರಣಿಯ ಕೂಗು ಆಗುವುದೇ ತಡ, ಹತ್ತಿಯ ಎಳೆ ತಲೆಗೂದಲಿಗೆ ಅಂಟಿಸಿಕೊಂಡೇ ಜನ ಓಣಿಗೆ ನುಗ್ಗುತ್ತಿದ್ದರು. ದುಂಡನೆಯ ಬನ್ನನ್ನು ಎರಡು ಮಾಡಿ, ಅದರ ನಡುವೆ ಎಣ್ಣೆಯಲ್ಲಿ ಕರಿದ ಗರಿಗರಿ ನೂಡಲ್ಸ್ ಹಿಡಿಯಷ್ಟು ಹಾಕಿ, ಮೇಲೆ ಕುದಿಯುವ ಕಂದು ಗ್ರೇವಿ ಸುರಿಯುವುದು. ಸೆಲರಿ ದಂಟು, ಈರುಳ್ಳಿ, ಮೊಳಕೆಕಾಳು ಬೇಕೆಂದವರಿಗೆ ‘ಸೋಸದ್ದು’. ಬೇಡವೆಂದವರಿಗೆ ‘ಸೋಸಿದ್ದು’. ಮೇಣದ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕುವಷ್ಟರಲ್ಲಿ ಬನ್ನಿನ ಮೇಲ್ಭಾಗ ನೆನೆದು ಮೆತ್ತಗಾಗಿರುತ್ತಿತ್ತು. ಅರ್ಧ ಕೈಯಲ್ಲಿ ತಿಂದು ಉಳಿದರ್ಧಕ್ಕೆ ಫೋರ್ಕು ಹಾಕುವುದು ಊರಿನ ಪದ್ಧತಿ.

ಅವಳ ಗಂಡ ನಾರ್ಮಂಡ್ ಆಗ ಗಿರಣಿಯ ಹುಡುಗ. ಪ್ರತಿ ಶುಕ್ರವಾರ ಸಾಲಿನ ಕೊನೆಗೇ ಬಂದು ನಿಲ್ಲುತ್ತಿದ್ದ, ಅವಳ ಜೊತೆ ಎರಡು ಮಾತಿಗೆ ಪುರಸೊತ್ತು ಸಿಗಲೆಂದು. "ಸೋಸಿದ್ದು ಎರಡು," ಎನ್ನುವಾಗ ಕಿವಿಯ ತುದಿ ಕೆಂಪಗಾಗುತ್ತಿತ್ತು. ಮದುವೆಯಾದ ಮೇಲೂ ನಲವತ್ತೇಳು ವರ್ಷ ಶುಕ್ರವಾರ ಅದೇ ಊಟ. ಆರು ವರ್ಷದ ಹಿಂದೆ ಅಂಗಡಿ ಮುಚ್ಚಿದಾಗ ನಾರ್ಮಂಡ್ ಡಬ್ಬಿಯ ಪುಡಿ ತಂದು ಗ್ರೇವಿ ಕುದಿಸಿ ನೋಡಿದ, ನಾಲ್ಕು ಬಗೆಯಲ್ಲಿ. ಯಾವುದೂ ಅದಾಗಲಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡ. ಪುಸ್ತಕ ಮಾರಾಟವಾಗುವುದು ಬಿಡುವುದು ಪೆಗ್‌ಳ ಚಿಂತೆ. ಕ್ಲಾಡೆಟ್‌ಗೆ ಬೇಕಾಗಿದ್ದದ್ದು ಒಂದು ಶುಕ್ರವಾರ ಮಧ್ಯಾಹ್ನ ತನ್ನ ಅಡುಗೆಮನೆಯಲ್ಲಿ ಆ ಗ್ರೇವಿ ಇನ್ನೊಮ್ಮೆ ಕುದಿಯಬೇಕು ಎಂಬುದಷ್ಟೇ.

ಡೋರೀನ್ ಯೀಯ ಮನೆ ಮರದ ಮೂರಂತಸ್ತಿನ ಕಟ್ಟಡದ ನಡು ಅಂತಸ್ತಿನಲ್ಲಿತ್ತು. ಮೂನ್ ಗಾರ್ಡನ್‌ನ ಮಾಲೀಕರ ಒಬ್ಬಳೇ ಮಗಳು. ಊರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ಕ್ಲಾಡೆಟ್ ಕಿಟಕಿಗೆ ಸೇರಿದಾಗ ಎಂಟು ವರ್ಷದ ಹುಡುಗಿ. ಎರಡು ಜಡೆ, ಸೇಂಟ್ ಒಡಿಲ್ ಶಾಲೆಯ ನೀಲಿ ಲಂಗ.

"ಬನ್ನಿ, ಬನ್ನಿ. ಬರ್ತೀರಿ ಅಂತ ಗೊತ್ತಿತ್ತು. ಬೆಳಿಗ್ಗೆ ಹಾಳೆ ಸಿಕ್ಕಿ ಮಧ್ಯಾಹ್ನಕ್ಕೇ ಬರ್ತೀರಿ ಅಂದ್ಕೊಂಡಿರ್ಲಿಲ್ಲ."

ಇಬ್ಬರೂ ಅಡುಗೆಮನೆಯ ಮೇಜಿಗೆ ಕೂತರು. ಕ್ಲಾಡೆಟ್ ಕೋಟು ತೆಗೆಯಲಿಲ್ಲ. ಐದು ನಿಮಿಷದ ಕೆಲಸವೆಂದು ಅವಳ ಲೆಕ್ಕ. ಬಿಳಿ ಹಾಳೆಯನ್ನು ಬಿಡಿಸಿ ಮೇಜಿನ ಮೇಲೆ ಸವರಿ ಇಟ್ಟಳು.

"ಬಣ್ಣ ತಪ್ಪಾಯ್ತು ಅಂತ ಕೋಪನಾ? ಇಗೋ, ಬಿಳಿದು ತಂದಿದೀನಿ."

ಡೋರೀನ್ ನಕ್ಕಳು. "ನೀವು ಅಂಗಿ ಅಳತೆ ಸರಿಹೋಗ್ಲಿಲ್ಲ ಅಂತ ಬದಲಾಯಿಸೋಕೆ ಬಂದ ಹಾಗೆ ಬಂದಿದೀರಿ. ಕೋಪ ಏನಿಲ್ಲ. ನಿಜವಾಗ್ಲೂ ಕೇಳಿದ್ದು. ಅದು ಯಾವ ದೇಶದ್ದು? ಹೇಳಿ ನೋಡೋಣ."

"ಇದೇನು ಪ್ರಶ್ನೆ? ಚೀನಾದ್ದು."

"ಅಪ್ಪ ಹದಿನಾಲ್ಕು ವರ್ಷಕ್ಕೆ ಚೀನಾದ ತೋಯ್ಸಾನ್‌ನಿಂದ ಬಂದ್ರು. ಬನ್ನು ಅನ್ನೋದನ್ನ ಕಣ್ಣಲ್ಲಿ ಕಂಡಿರ್ಲಿಲ್ಲ." ಡೋರೀನ್ ಮೇಷ್ಟರ ಹಾಗೆ ಬೆರಳು ಮಡಚತೊಡಗಿದಳು. "ಬನ್ನು ಪೋರ್ಚುಗೀಸರ ಬೇಕರೀದು. ನೂಡಲ್ಸ್ ಮುಂದಿನ ಬೀದಿ ಕಾರ್ಖಾನೇದು. ಸೆಲರಿ ತಂದು ಹಾಕ್ತಿದ್ದೋನು ಇಂಗ್ಲಿಷ್ ರೈತ. ಶುಕ್ರವಾರ ಮಾಂಸ ಬೇಡ ಅಂದೋರು ನಿಮ್ಮ ಪಾದ್ರಿ. ತರಕಾರಿ ಹಲ್ಲಿಗೆ ಸಿಕ್ಕೊಳ್ಳುತ್ತೆ, ಸೋಸಿ ಕೊಡು ಅಂದೋರು ನಿಮ್ಮ ಕಡೆ ಮುದುಕರು. ಮಗ್ಗದ ಮುಂದೆ ನಿಂತ್ಕೊಂಡೇ ತಿನ್ನೋ ಹಾಗಿರ್ಬೇಕು ಅಂದೋರು ಗಿರಣಿಯೋರು. ಅಪ್ಪ ಏನು ಮಾಡಿದ್ರು? ಕೇಳಿದ್ದನ್ನ ಕೊಟ್ರು. ಅದು ನಿಮ್ಮ ಊಟ, ಕ್ಲಾಡೆಟ್. ಬೇಯಿಸ್ತಿದ್ದೋರು ನಾವು, ಅಷ್ಟೇ. ಅಪ್ಪ ಸಾಯೋ ತನಕ ಅದನ್ನ ಒಂದು ಸಲಾನೂ ತಿನ್ಲಿಲ್ಲ."

"ಒಂದು ಸಲಾನೂ?"

"ಉಪ್ಪು ನೋಡೋಕೆ ಚಮಚದ ತುದೀಲಿ ಗ್ರೇವಿ. ಅಷ್ಟೇ."

ಕ್ಲಾಡೆಟ್‌ಗೆ ನಂಬಲಾಗಲಿಲ್ಲ. ಡೋರೀನ್‌ಳ ಅಪ್ಪ ಗ್ರೇವಿಯ ಹಂಡೆಯ ಮುಂದೆ ಬನಿಯನ್ನಿನಲ್ಲಿ ನಿಂತ ಚಿತ್ರ ಅವಳ ಕಣ್ಣಿಗೆ ಕಟ್ಟಿತ್ತು. ಅವರ ಹೆಸರು ಯೀ ಗಿಮ್ ಫಾಟ್. ಊರಿನವರ ನಾಲಿಗೆಗೆ ಅದು ಹೊರಳದೆ ಚಾರ್ಲಿ ಎಂದು ಇಟ್ಟುಬಿಟ್ಟಿದ್ದರು, ಕರೆದರೆ ಅವರೂ ಓಗೊಡುತ್ತಿದ್ದರು. "ನೀನು ತಿಂತಿದ್ದೆಯಲ್ಲ? ನಾನೇ ಕಟ್ಟಿ ಕೊಟ್ಟಿದೀನಿ."

"ತಿಂತಿದ್ದೆ. ಪ್ರಾಣ ಬಿಡ್ತಿದ್ದೆ ಅದಕ್ಕೆ. ನಾನು ಈ ಊರೋಳಲ್ವಾ?"

ಕ್ಲಾಡೆಟ್‌ಗೆ ನಗು ಬಂತು, ನಾರ್ಮಂಡ್ ನೆನಪಾದ. "ನಮ್ಮ ಯಜಮಾನ್ರು ಸೈನ್ಯಕ್ಕೆ ಸೇರಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ರಲ್ಲ, ಮೊದಲನೇ ಶುಕ್ರವಾರ ಚೀನಾದವರ ಬೀದಿ ಹುಡುಕಿಕೊಂಡು ಹೋದ್ರಂತೆ. ಇಲ್ಲೇ ಇಷ್ಟು ಚೆನ್ನಾಗಿದ್ರೆ ಅಲ್ಲಿ ಇನ್ನೆಷ್ಟು ಚೆನ್ನಾಗಿರ್ಬೇಕು ಅಂತ. ಹೋಟೆಲಿಗೆ ನುಗ್ಗಿ, ‘ಚೌಮೀನ್ ಸ್ಯಾಂಡ್‌ವಿಚ್, ಸೋಸಿದ್ದು ಎರಡು’ ಅಂದ್ರಂತೆ. ಬಡಿಸೋನು ಒಳಗೆ ಹೋಗಿ ಅಡುಗೆಯೋನನ್ನ ಕರ್ಕೊಂಡು ಬಂದ. ಅಡುಗೆಯೋನು ಅವನ ಹೆಂಡ್ತೀನ ಕರ್ಕೊಂಡು ಬಂದ. ಎಲ್ಲ ಸುತ್ತ ನಿಂತು ಇನ್ನೊಂದ್ಸಲ ಹೇಳಿ, ಇನ್ನೊಂದ್ಸಲ ಹೇಳಿ ಅಂತ ನಕ್ಕಿದ್ದೇ ನಕ್ಕಿದ್ದಂತೆ. ನಮ್ಮೋರು ಕೆಂಪಗಾಗಿ ಎದ್ದು ಬಂದು ನನಗೆ ಕಾಗದ ಬರೆದ್ರು: ‘ಇಲ್ಲಿರೋರು ಅಸಲಿ ಚೀನೀಯರಲ್ಲ, ಮೋಸ’ ಅಂತ!"

ಡೋರೀನ್ ಮೇಜು ಬಡಿದು ನಕ್ಕಳು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ನಾನೂ ಕಾಲೇಜಿಗೆ ಬಾಸ್ಟನ್ನಿಗೆ ಹೋದಾಗ ಅದನ್ನೇ ಮಾಡ್ದೆ. ನಾನೇ! ಈ ಮುಖ ಇಟ್ಕೊಂಡು!"

ನಗು ನಿಂತ ಮೇಲೆ ಅವಳು ಬಿಳಿ ಹಾಳೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದಳು. "ಆದ್ರೂ ಬರೆದು ಕೊಡೋಕಾಗಲ್ಲ, ಕ್ಲಾಡೆಟ್. ಬಿಳೀದ್ರಲ್ಲೂ ಇಲ್ಲ. ಕೆಳಗಡೆ ‘ಯೀ ಮನೆತನದ ಅಡುಗೆ’ ಅಂತ ಅಚ್ಚು ಹಾಕ್ತೀರಿ. ಇನ್ನು ಐವತ್ತು ವರ್ಷ ಬಿಟ್ಟು ಯಾರಾದ್ರೂ ತೆಗೆದು ನೋಡಿದ್ರೆ, ಓ, ಇವರು ಇದನ್ನ ತಿಂದ್ಕೊಂಡಿದ್ರು ಅಂತಾರೆ. ಅಪ್ಪ ಅಮ್ಮ ಅಂದ್ರೆ ಅಷ್ಟೇ ಅಂತ ಆಗಿಬಿಡುತ್ತೆ. ಅದು ನನಗೆ ಬೇಡ."

ಹಾಳೆ ಇಬ್ಬರ ನಡುವೆ ಬಿದ್ದಿತ್ತು. ಕ್ಲಾಡೆಟ್‌ಗೆ ಗ್ರೇವಿ ಕೈತಪ್ಪಿತೆಂದು ಅಳು ಬರುವಷ್ಟು ನಿರಾಸೆಯಾಯಿತು. ಏನಾದರೂ ಹೇಳಬೇಕಲ್ಲ ಎಂದು, "ಹಾಗಾದ್ರೆ ನೀವೆಲ್ಲ ಊಟಕ್ಕೆ ಏನು ತಿಂತಿದ್ರಿ?" ಎಂದು ಕೇಳಿದಳು.

ಡೋರೀನ್ ಅವಳನ್ನೇ ನೋಡಿದಳು. "ಐವತ್ತು ವರ್ಷ ದಾಟಿದ ಮೇಲೆ ಕೇಳ್ತಿದೀರಿ."

"ನಾನು ನೋಡೇ ಇಲ್ಲ ಅಂತೇನಲ್ಲ. ಹಿಂದಿನ ಮೇಜಿನ ಮೇಲೆ ಅನ್ನದ ಪಾತ್ರೆ ಇರ್ತಿತ್ತು. ನಿಮ್ಮಮ್ಮ ಪ್ರತಿ ಶುಕ್ರವಾರ ಬಾಗಿಲಿಂದ ತಲೆ ಹಾಕಿ, ‘ಕೂತ್ಕೊ, ಉಣ್ಣು’ ಅನ್ನೋರು. ಅವರಿಗೆ ನಮ್ಮ ಮಾತು ಅಷ್ಟೇ ಬರ್ತಿದ್ದದ್ದು. ನಾನು, ‘ಅಮ್ಮ ಕಾಯ್ತಿರ್ತಾಳೆ’ ಅಂತ ನನ್ನ ಸ್ಯಾಂಡ್‌ವಿಚ್ ತಗೊಂಡು ಹೊರಗೆ ಮೆಟ್ಟಿಲ ಮೇಲೆ ಕೂತ್ಕೊಳ್ತಿದ್ದೆ. ನಿಮ್ಮ ಪಾಲಿನ ಊಟಕ್ಕೆ ನಾನ್ಯಾಕೆ ಕೈ ಹಾಕೋದು ಅಂತ."

ಅವಳು ಅದನ್ನು ಹೀಗೇ ನೆನಪಿಟ್ಟುಕೊಂಡಿದ್ದಳು, ತನ್ನ ಒಳ್ಳೆಯತನವೆಂದು. ಇಷ್ಟು ವರ್ಷದಲ್ಲಿ ಅದನ್ನು ಇನ್ನೊಂದು ಬದಿಯಿಂದ ನೋಡುವ ಪ್ರಸಂಗವೇ ಬಂದಿರಲಿಲ್ಲ.

"ಒಂದ್ಸಲ ಬಾಗಿಲ ತನಕ ಬಂದಿದ್ರಿ," ಎಂದಳು ಡೋರೀನ್. "ನಾನು ಆಗಷ್ಟೇ ಶಾಲೆಯಿಂದ ಬಂದು ಕೂತಿದ್ದೆ. ಅಮ್ಮ ಮುಚ್ಚಳ ತೆಗೆದ್ರು, ನಿಮಗೆ ತೋರಿಸೋಣ ಅಂತ. ಉಪ್ಪುಮೀನು. ನೀವು ಮೂಗು ಮುಚ್ಕೊಂಡ್ರಿ."

"ನಾನಾ?"

"ಹೀಗೆ, ಎರಡು ಬೆರಳಲ್ಲಿ. ನಕ್ಕಿರಿ ಕೂಡ. ಕೆಟ್ಟ ನಗು ಏನಲ್ಲ, ಹದಿನೇಳು ವರ್ಷದ ಹುಡುಗೀರು ನಗ್ತಾರಲ್ಲ, ಹಾಗೆ. ಆಮೇಲೆ ಕಿಟಕಿಗೆ ಓಡಿದ್ರಿ, ಯಾರೋ ಗಿರಾಕಿ ಬಂದಿದ್ರು."

ಕ್ಲಾಡೆಟ್ ನೆನಪನ್ನು ತಡಕಾಡಿದಳು. ಕಿಟಕಿ ನೆನಪಿತ್ತು, ಚೀಲಗಳ ಕಟ್ಟು ನೆನಪಿತ್ತು, ಗಾಜಿನ ಮೇಲೆ ಹಬೆ ಕೂತು ನೀರಾಗಿ ಇಳಿಯುತ್ತಿದ್ದದ್ದು ನೆನಪಿತ್ತು. ನಾರ್ಮಂಡ್‌ನ ಅಂಗಿಯ ಗುಂಡಿ ಕೂಡ ನೆನಪಿತ್ತು. ಇದೊಂದು ಮಾತ್ರ ಎಲ್ಲೂ ಇರಲಿಲ್ಲ. ಡೋರೀನ್ ಸುಳ್ಳು ಹೇಳುವವಳಲ್ಲ. ಇನ್ನೊಬ್ಬರಿಗೆ ಐವತ್ತು ವರ್ಷ ಮರೆಯದೇ ಉಳಿದದ್ದು ತನ್ನಲ್ಲಿ ಒಂದು ಗಳಿಗೆಯೂ ಉಳಿದಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಅವತ್ತಿಂದ ನೀವು ಮನೆಗೆ ಹೋಗೋ ತನಕ ಅಮ್ಮ ಮುಚ್ಚಳ ತೆಗೀತಿರ್ಲಿಲ್ಲ. ಬಾಗಿಲಿಗೆ ಬಂದು ನಿಮ್ಮನ್ನ ಕರೆಯೋರು, ನೀವು ಬೇಡ ಅಂತಿದ್ರಿ, ಅಮ್ಮ ಬಂದು ಸುಮ್ನೆ ಕೂತ್ಕೊಳ್ಳೋರು. ಹುಡುಗಿಗೆ ವಾಸನೆ ಆಗಲ್ಲ, ಅವಳು ಹೋಗ್ಲಿ ಅಂತ. ನೀವು ಹೊರಡ್ತಿದ್ದದ್ದು ನಾಲ್ಕಕ್ಕೆ. ನಾನು ಎರಡೂ ಮುಕ್ಕಾಲಿಗೇ ಬಂದಿರ್ತಿದ್ದೆ. ಹೊಟ್ಟೆ ಚುರುಗುಟ್ಟೋದು. ಗಡಿಯಾರ ನೋಡ್ಕೊಂಡು ಕೂತಿರ್ತಿದ್ದೆ. ನಿಮ್ಮ ಮೇಲೆ ಎಷ್ಟು ಸಿಟ್ಟು ಬರ್ತಿತ್ತು ಗೊತ್ತಾ? ನೀವು ಚೀಲ ಜೋಡಿಸೋದು ನಿಧಾನ ಬೇರೆ."

"ಎಷ್ಟು ದಿನ ಹಾಗೆ?"

"ನೀವು ಮದುವೆ ಆಗಿ ಕೆಲಸ ಬಿಡೋ ತನಕ. ಮೂರು ವರ್ಷ."

"ಯಾಕೆ ಹೇಳ್ಲಿಲ್ಲ ಯಾರೂ?"

"ಏನಂತ ಹೇಳೋದು?"

ಕ್ಲಾಡೆಟ್ ಕೈಚೀಲದ ಕೊಂಡಿಯನ್ನು ಹಾಕಿದಳು, ತೆಗೆದಳು. ಡೋರೀನ್‌ಳ ಅಮ್ಮ ಕ್ಲಾಡೆಟ್‌ಳ ಮದುವೆಗೆ ಕೆಂಪು ಕಾಗದದಲ್ಲಿ ಸುತ್ತಿದ ಉಡುಗೊರೆ ಕಳಿಸಿದ್ದಳು. ಅವಳು ಸತ್ತಾಗ ಕ್ಲಾಡೆಟ್ ಹೂ ತೆಗೆದುಕೊಂಡು ಹೋಗಿ ಎಲ್ಲರ ಮುಂದೆ, ‘ನಾವೆಲ್ಲ ಒಂದೇ ಮನೆಯವರ ಹಾಗಿದ್ದೆವು’ ಎಂದಿದ್ದಳು. ಆ ಮಾತು ಈಗ ನೆನಪಾಗಿ ಅವಳಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು.

"ತಪ್ಪಾಯ್ತು, ಡೋರೀನ್."

"ಛೆ, ಅದಕ್ಕೆ ಹೇಳಿದ್ದಲ್ಲ. ನೀವು ಕೇಳಿದ್ರಿ, ಬಾಯಿಗೆ ಬಂತು." ಡೋರೀನ್ ಎದ್ದು ಒಲೆಯ ಕಡೆ ಎರಡು ಹೆಜ್ಜೆ ಹೋದಳು. ಏನೋ ನೆನಪಾದವಳಂತೆ ನಿಂತು, ವಾಪಸು ಬಂದು ಕೂತಳು.

ಆಗ ಕ್ಲಾಡೆಟ್ ಒಲೆಯ ಕಡೆ ನೋಡಿದಳು. ಹಬೆಪಾತ್ರೆಯೊಂದು ಸಣ್ಣ ಉರಿಯ ಮೇಲಿತ್ತು, ಬಿಗಿಯಾಗಿ ಮುಚ್ಚಳ ಹಾಕಿತ್ತು. ಪಕ್ಕದಲ್ಲಿ ಒಂದೇ ಒಂದು ಬಟ್ಟಲು. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆಗೆ ಹತ್ತು ನಿಮಿಷವಿತ್ತು.

"ನಿಂದಿನ್ನೂ ಊಟ ಆಗಿಲ್ವಾ?"

"ಪರವಾಗಿಲ್ಲ, ಆಮೇಲೆ ಉಣ್ತೀನಿ," ಎಂದಳು ಡೋರೀನ್. "ನೀವು ಹೊರಟ ಮೇಲೆ."

ಹೇಳಿದ ಮೇಲೆ ತಾನಂದದ್ದು ಅವಳಿಗೇ ಕೇಳಿಸಿತು. ಕೆಳಗಿನ ಮನೆಯಲ್ಲಿ ಯಾರೋ ನಲ್ಲಿ ಬಿಟ್ಟರು, ನೀರು ಗೋಡೆಯೊಳಗಿಂದ ಹರಿದುಹೋಯಿತು.

ಕ್ಲಾಡೆಟ್ ಎದ್ದು ನಿಂತಳು. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ವಯಸ್ಸಾದ ಬೆರಳುಗಳು, ಹೊತ್ತು ಹಿಡಿಯಿತು. ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಮತ್ತೆ ಕೂತಳು.

"ತೆಗಿ ಮುಚ್ಚಳ."

"ವಾಸನೆ ಇರುತ್ತೆ, ಕ್ಲಾಡೆಟ್."

"ಇರ್ಲಿ, ತೆಗಿ. ನಾನು ನಾಲ್ಕಕ್ಕೆ ಹೋಗಲ್ಲ ಇವತ್ತು."

ಡೋರೀನ್ ಮುಚ್ಚಳ ತೆಗೆದಳು. ಹಬೆಯ ಜೊತೆ ಉಪ್ಪುಮೀನಿನ ವಾಸನೆ ಅಡುಗೆಮನೆಯ ಮೂಲೆಮೂಲೆಗೂ ಹರಡಿತು. ಜೋರಾದ ವಾಸನೆಯೇ, ಸುಳ್ಳು ಹೇಳುವಂತಿಲ್ಲ. ಕ್ಲಾಡೆಟ್‌ಳ ಕಣ್ಣು ಮೊದಲೇ ತುಂಬಿದ್ದರಿಂದ ಯಾವುದಕ್ಕೆ ನೀರು ಬಂತೆಂದು ಹೇಳಲು ಬರುತ್ತಿರಲಿಲ್ಲ. ಅವಳ ಎರಡೂ ಕೈ ಮೇಜಿನ ಮೇಲೇ ಇದ್ದವು.

ಡೋರೀನ್ ಕಪಾಟಿನಿಂದ ಇನ್ನೊಂದು ಬಟ್ಟಲು ತೆಗೆದು ಅನ್ನ ಬಡಿಸಿದಳು. ತಟ್ಟೆಯಲ್ಲಿ ಹಬೆಗೆ ಬೆಂದು ನಡುಗುತ್ತಿದ್ದ ಹಳದಿ ಮೊಟ್ಟೆ, ಅದರ ಮೇಲೆ ಮೀನಿನ ತುಂಡು, ಕೂದಲಿನಷ್ಟು ಸಣ್ಣಗೆ ಹೆಚ್ಚಿದ ಶುಂಠಿ. ಚಮಚದಲ್ಲಿ ತೆಗೆದು ಅನ್ನದ ಮೇಲೆ ಹಾಕಿದಳು. ಕೂತ ಮೇಲೆ, ಮೇಜಿನ ಅಂಚಿಗೆ ಸರಿದಿದ್ದ ಬಿಳಿ ಹಾಳೆಯನ್ನು ಅವಳೇ ಹತ್ತಿರ ಎಳೆದುಕೊಂಡಳು.

"ಬರೆದು ಕೊಡ್ತೀನಿ. ಇದನ್ನೂ ಬರೀತೀನಿ, ಅಮ್ಮನ ಹೆಸರಲ್ಲಿ. ಯೀ ಮನೆತನ ಅಂತ ಇದರ ಕೆಳಗೆ ಹಾಕಿ. ಸ್ಯಾಂಡ್‌ವಿಚ್ ಕೆಳಗೆ ನಿಮ್ಮ ಊರಿನ ಹೆಸರು ಹಾಕ್ಕೊಳ್ಳಿ."

"ನಿನ್ನ ಊರೂ ಹೌದು."

"ನಮ್ಮ ಊರಿನ ಹೆಸರು. ಆದ್ರೆ ಇನ್ನೊಂದು ಹಾಳೆ ಬೇಕಾಗುತ್ತೆ. ಗುಲಾಬೀದು ಇದೆಯಾ?"

"ಒಂದೇ ತಂದಿರೋದು. ಎರಡೂ ಕಡೆ ಬರಿ. ಪೆಗ್‌ಗೆ ನಾನು ಹೇಳ್ತೀನಿ, ನತಾಲಿಯಾ ಸೂಪನ್ನೂ ಸೇರಿಸಿ ಹೇಳ್ತೀನಿ. ಎರಡು ಭಾಗ ಅಂತ ಮಾಡಿದ್ದೇ ನಾನು, ಮುಂಡೇದು, ನಾನೇ ಕಿತ್ತು ಹಾಕ್ತೀನಿ."

ಕ್ಲಾಡೆಟ್ ಫೋರ್ಕು ಎತ್ತಿದಳು. ಎತ್ತಿದವಳು ಹಾಗೇ ತಡೆದಳು. ಎಪ್ಪತ್ತು ವರ್ಷದ ಅಭ್ಯಾಸ, ಎಲ್ಲಿಗೆ ಹೋಗುತ್ತದೆ? ಕೇಳಲು ಹಿಂಜರಿಕೆಯಾಯಿತು, ಆದರೂ ಕೇಳಿದಳು. "ಡೋರೀನ್, ಇದರಲ್ಲಿ ಮಾಂಸ ಏನಾದ್ರೂ... ಇವತ್ತು ಶುಕ್ರವಾರ, ಅದಕ್ಕೆ."

"ಇಲ್ಲ. ಉಳಿದ ದಿನ ಹಂದಿಮಾಂಸ ಹಾಕ್ತೀವಿ, ಅದಿದ್ರೇ ರುಚಿ. ನಮ್ಮನೇಲಿ ಶುಕ್ರವಾರ ಹಾಕಲ್ಲ. ಅಮ್ಮ ಮಾಡಿಟ್ಟ ಪದ್ಧತಿ."

"ನಿಮ್ಮಮ್ಮ ಅಷ್ಟು ನೇಮ ಮಾಡ್ತಿದ್ರು ಅಂತ ನನಗೆ ಗೊತ್ತೇ ಇರ್ಲಿಲ್ಲ."

"ಅಮ್ಮ ಎಲ್ಲಿ, ಚರ್ಚಿನ ಮೆಟ್ಟಿಲೂ ಹತ್ತಿದವರಲ್ಲ," ಎಂದಳು ಡೋರೀನ್. ತನ್ನ ಬಟ್ಟಲಿನ ಅನ್ನವನ್ನು ಒಂದು ಬದಿಗೆ ಸರಿಸಿದಳು. "ಅಪ್ಪ ಗೊಣಗ್ತಿದ್ರು. ನಾನೂ ಹಠ ಮಾಡ್ತಿದ್ದೆ, ಮಾಂಸ ಹಾಕು ಅಂತ. ಮೂರು ವರ್ಷವೂ ಅಮ್ಮ ಹಾಕ್ಲಿಲ್ಲ. ‘ಆ ಹುಡುಗಿ ಶುಕ್ರವಾರ ಮಾಂಸ ಮುಟ್ಟಲ್ಲ, ಇವತ್ತು ಹೂಂ ಅಂದು ಬಂದು ಕೂತ್ರೆ?’ ಅಂತಿದ್ರು."

ಕ್ಲಾಡೆಟ್ ಫೋರ್ಕನ್ನು ಕೆಳಗಿಟ್ಟು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅನ್ನ ಇನ್ನೂ ಬಿಸಿಯಾಗಿತ್ತು.